ಊರಿಗೆಲ್ಲ ಮಾಫಿ, ಚಾಚಾಗೆ ರೋಜಾ

ಬೆಟಗೇರಿಯ ನಮ್ಮ ಪಕ್ಕದ ಮನೆಯ ಟೇಲರ್ ಚಾಚಾರಂಥ ಧಾರಾಳಿಯನ್ನೂ ನಾನು ಕಂಡಿಲ್ಲ, ಅವರಂಥ ಜಿಪುಣರನ್ನೂ ಕಂಡಿಲ್ಲ. ಕಾಯಿಲೆ ಬಿದ್ದವರಿಗೆ ಉಪವಾಸದ ಮಾಫಿ ಹಂಚುವಾಗ ಧಾರಾಳಿ. ತಮಗೇ ಒಂದು ಮಾಫಿ ಬೇಕಾದಾಗ ಮುಷ್ಟಿ ಬಿಗಿ!

ಒಮ್ಮೆ ನಮ್ಮವ್ವ ಸುಡುವ ಜ್ವರದಲ್ಲೂ ಏಕಾದಶಿ ಹಿಡಿದಿದ್ದಳು. ಚಾಚಾ ಗಂಜಿ ಹಿಡಿದು ಬಂದರು. "ಅಕ್ಕಾರ, ನಮ್ಮ ಕಿತಾಬಿನ್ಯಾಗ ಬೀಮಾರ ಇದ್ದವರಿಗೆ ಮಾಫಿ ಐತಿ. ಆರಾಮಾದ ಮ್ಯಾಲ ಆ ದಿನಾ ತೀರಿಸಿದ್ರ ಆತು. ನಿಮ್ಮ ವಿಠ್ಠಲಗ ಅಷ್ಟೂ ತಿಳಿಯೂದಿಲ್ಲೇನು?"

ಅವ್ವ ಗಂಜಿ ಕುಡಿದಳು. ಅಷ್ಟಕ್ಕೇ ಬಿಟ್ಟಳೇ? ಜ್ವರ ಬಿಟ್ಟ ಮೇಲೆ ಒಂದು ಬುಧವಾರ ನೋಡಿ 'ಬಾಕಿ ಏಕಾದಶಿ' ತೀರಿಸಿದಳು! ಅದು ಯಾವ ಪಂಚಾಂಗದಲ್ಲಿದೆಯೋ ಪೂಜಾರಿಗೆ ಇವತ್ತಿಗೂ ಸಿಕ್ಕಿಲ್ಲ.

ಇಂಥ ಚಾಚಾಗೆ ಸಕ್ಕರೆ ಕಾಯಿಲೆ ಬಂತು. ದಿನಕ್ಕೆರಡು ಸಲ ಇನ್ಸುಲಿನ್. ರಮಜಾನ್ ಬಂದಾಗ ಡಾಕ್ಟರು ರೋಜಾ ಉಪವಾಸ ಬೇಡವೆಂದರು. ಮೌಲಾನಾ ಸಾಹೇಬರೇ ಮನೆಗೆ ಬಂದು, "ವಾಸಿ ಆಗದ ಬೀಮಾರಿ ಇದು. ಒಂದೊಂದು ರೋಜಾಕ್ಕ ಒಬ್ಬ ಬಡವಗ ಊಟಾ ಕೊಡ್ರಿ, ಸಾಕು," ಎಂದರು.

"ಬೀಮಾರ ಯಾರ್ರಿ? ಸೂಜಿ ಚುಚ್ಚಿಸ್ಕೊಂಡ್ರ ಬೀಮಾರ ಏನು? ನಾ ಟೇಲರ್! ಐವತ್ತ ವರ್ಷದಿಂದ ಚುಚ್ಚಿಸ್ಕೊಳ್ಳಾಕತ್ತೀನಿ!"

ಬಡವರ ಮನೆಗೆ ತಿಂಗಳ ಊಟದ ಸಾಮಾನು ಕಳಿಸಿದರು, ಅದೂ ಖರೆ. ಮೇಲೆ ರೋಜಾನೂ ಹಿಡಿದರು! ದಂಡವನ್ನೂ ಕಟ್ಟಿ ಜೈಲಿಗೂ ಹೋಗುವವರನ್ನು ನೀವೆಲ್ಲಾದರೂ ನೋಡಿದ್ದೀರಾ? ನನಗೆ ಮೈಯೆಲ್ಲ ಉರಿಯಿತು.

ಏಳನೆಯ ದಿನ ಮಧ್ಯಾಹ್ನ ನನ್ನ ಅಂಗಿಯ ತೋಳನ್ನು ಕೊರಳಿಗೆ ಹೊಲಿದು, ಚಾಚಾ ಮಷಿನ್ ಮೇಲೆಯೇ ಒರಗಿಬಿಟ್ಟರು. ಮೈಯೆಲ್ಲ ಬೆವರು, ಕೈ ನಡುಕ. ನಾನು ಸಕ್ಕರೆ ನೀರು ತಂದರೆ ಪುಣ್ಯಾತ್ಮರು ಹಲ್ಲು ಕಚ್ಚಿದರು!

"ನಮ್ಮವ್ವನ ಏಕಾದಶಿ ಮುರಿಸಿದ್ರಿ, ನಿಮ್ಮ ರೋಜಾ ಮುರಿದ್ರ ಆಕಾಶ ಬೀಳತೈತೇನ್ರಿ? ಬಾಯಿ ತೆಗೀರಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ಹೆದರಿ ಕುಡಿದರು. ಜೀವ ಮರಳಿದ ಮೇಲೂ ನಾನು ಬಿಡಲಿಲ್ಲ. ಯಾಕಿಷ್ಟು ಹಟ ಎಂದು ಗದರಿದೆ.

ಚಾಚಿಯಿದ್ದ ಅಡುಗೆಮನೆಯ ಕಡೆ ನೋಡಿ ಚಾಚಾ ದನಿ ತಗ್ಗಿಸಿದರು. "ಆಕಿ ಬೆಳಗಿನಿಂದ ಹನಿ ನೀರ ಕುಡಿದಿಲ್ಲಪಾ. ಬಾಯಿ ಒಣಗಿಸ್ಕೊಂಡು ಆಕಿ ನನಗ ರೊಟ್ಟಿ ಬಡೀಬೇಕು, ನಾ ಎದುರಿಗೆ ಕುಂತು ತಿನ್ನಬೇಕು. ಹೆಂಗ ಇಳೀತೈತಿ ಗಂಟಲದಾಗ?"

ಬೈಯಲು ನನ್ನ ಬಳಿ ಇನ್ನೂ ಬಹಳ ಇತ್ತು. ಖಾಲಿ ಲೋಟ ಎತ್ತಿಕೊಂಡು ಮನೆಗೆ ನಡೆದೆ.

ಮರುದಿನ ಮಧ್ಯಾಹ್ನ ಅವರನ್ನು ನಮ್ಮ ಮನೆಗೇ ಎಳೆದುಕೊಂಡು ಬಂದೆ. ಅವ್ವ ಬಿಸಿ ರೊಟ್ಟಿ ಬಡಿಸಿದಳು. "ಅಕ್ಕಾರ, ಬಾಗಲಾ ಹಾಕ್ರಿ. ಆಕಿಗೆ ವಾಸನಿ ಹೋಗಬಾರದು," ಎಂದು ತಲೆ ತಗ್ಗಿಸಿ ಕುಳಿತರು. ಬಾಗಿಲು ಹಾಕಿದೆವು. ಅಷ್ಟರಲ್ಲಿ ಗೋಡೆಯಾಚೆಯಿಂದ ಚಾಚಿಯ ಒಣಗಿದ ದನಿ ಬಂತು.

"ಅಕ್ಕಾರ, ಉಂಡ್ರೇನ್ರಿ ಅವರು?"

"ಉಣ್ಣಾಕತ್ತಾರ," ಎಂದಳು ಅವ್ವ.

"ಇನ್ನೊಂದು ಹಾಕ್ರಿ. ನಾಚ್ಕೊಂಡು ಬ್ಯಾಡ ಅಂತಾರ, ಕೇಳಬ್ಯಾಡ್ರಿ."

ಚಾಚಾ ಮುರಿದ ತುತ್ತನ್ನು ಕೈಯಲ್ಲೇ ಹಿಡಿದು ಅತ್ತರು. ಅವ್ವ ಏನೂ ನೋಡದವಳಂತೆ ಇನ್ನೊಂದು ರೊಟ್ಟಿ ಹಾಕಿದಳು.