ಮುಂಗುಸಿ ತಪ್ಪಿಸಿಕೊಂಡ ದಿನ

ಬೋನಿನ ಚಿಲಕ ಹಾಕುವ ಹೊತ್ತಿಗೆ ಸರಿಯಾಗಿ ಸೀನು ಬಂತು. ಮೃಗಾಲಯದ ಮುಂಗುಸಿ ಕಾವಲುಗಾರ ಜೋರಾಗಿ ಒಮ್ಮೆ ಸೀನಿ ಮೂಗೊರೆಸಿಕೊಂಡು ನೋಡುತ್ತಾನೆ, ಬೋನು ಖಾಲಿ!

ಅವನ ಪಾಲಿಗಿದ್ದದ್ದು ಅದೊಂದೇ ಪ್ರಾಣಿ. "ಅದನ್ನ ಕಳೆದ್ಯೋ, ನಿನ್ನನ್ನ ಹಾವಿನ ಮನೆಗೆ ಹಾಕ್ತೀನಿ" ಎಂದು ಸಾಹೇಬರು ಮೊದಲೇ ಹೇಳಿದ್ದರು. ಹಾವೆಂದರೆ ಅವನಿಗೆ ಕೈಕಾಲೇ ಆಡುತ್ತಿರಲಿಲ್ಲ. ಹಾವಿನ ಮನೆ ದಾಟಬೇಕಲ್ಲಾ ಅಂತ ಹತ್ತು ವರ್ಷದಿಂದ ಕಚೇರಿಗೆ ಸುತ್ತುಬಳಸಿ ಹೋಗುತ್ತಿದ್ದ ಮಹಾಶಯ. ಸಾಹೇಬರ ತಪಾಸಣೆಯೂ ಇವತ್ತೇ, ಮೂರು ಗಂಟೆಗೆ.

ಟಿಕೆಟ್ ಕೌಂಟರಿನ ಅಕ್ಕ ಕೌಂಟರು ಮುಚ್ಚಿ ಓಡಿಬಂದಳು. "ಹೇಗಿರುತ್ತೆ ಅದು? ಹೇಳು, ನಾನೂ ಹುಡುಕ್ತೀನಿ."

ಅವನು ಬೋನಿನ ಮುಂದಿನ ಫಲಕ ಓದಿದ. "ಬೂದುಗಂದು ಕೂದಲು, ಚೂಪು ಮೂತಿ, ಕೆಂಪು ಕಣ್ಣು, ಉದ್ದ ಬಾಲ."

"ಬಾಲ ಒಂದು ಬಿಟ್ರೆ ನಮ್ಮ ಭಾವನೇ. ಏನು ತಿನ್ನುತ್ತೆ?"

"ಇಲಿ, ಕಪ್ಪೆ, ಹಾವು, ಮೊಟ್ಟೆ."

"ಹಾಗಾದ್ರೆ ಹಾವಿನ ಮನೇಲೇ ಇರುತ್ತೆ. ಹೋಗಿ ನೋಡು."

"ಅಕ್ಕಾ, ಮೊಟ್ಟೆ ಎಲ್ಲಿ ಸಿಗುತ್ತೆ ಹೇಳಿ."

ಅವನು ಕ್ಯಾಂಟೀನಿನಿಂದ ಒಂದು ಮೊಟ್ಟೆ ತಂದು, ಅದರ ಹಿಂದಿನ ಕಲ್ಲುಗುಡ್ಡೆಯ ಹತ್ತಿರ ಇಟ್ಟು ಕಾಯುತ್ತ ಕೂತ. ಮಧ್ಯಾಹ್ನದವರೆಗೂ ಕೂತ. ಕೊನೆಗೆ ಒಂದು ಚೂಪು ಮೂತಿ ಹೊರಬಂತು. ಹಿಂಗಾಲ ಮೇಲೆ ನಿಂತು ಸುತ್ತ ಪರಿಶೀಲಿಸಿತು. ಆಮೇಲೆ ಮೊಟ್ಟೆಯನ್ನು ಮುಂಗಾಲಲ್ಲಿ ಹಿಡಿದು, ಒಡೆಯಲೆಂದು ಹಿಂಗಾಲ ಸಂದಿನಿಂದ ಹಿಂದಕ್ಕೆ ರಪ್ಪನೆ ಎಸೆಯಿತು. ಹಿಂದೆ ಕಲ್ಲಿರಬೇಕಿತ್ತು. ಇದ್ದದ್ದು ಕಾವಲುಗಾರನ ಹಣೆ.

ಅಷ್ಟರಲ್ಲಿ ಜನ ಸೇರಿದ್ದರು. "ಬಾಲ ಹಿಡಿಯಣ್ಣಾ!" ಎಂದ ಒಬ್ಬ. "ಬಾಲ ಹಿಡಿದ್ರೆ ಕಚ್ಚುತ್ತೆ, ಕತ್ತು ಹಿಡಿ!" ಎಂದ ಇನ್ನೊಬ್ಬ. ಹಿಡಿಯಲು ಮಾತ್ರ ಯಾರೂ ಬರಲಿಲ್ಲ. ಹೇಳುವುದಕ್ಕೇನು ಹೋಗುತ್ತೆ! ಮುಂಗುಸಿ ಬಾಲ ಉಬ್ಬಿಸಿ ಅತ್ತ ಹಾರಿತು, ಇತ್ತ ಹಾರಿತು, ಅವನ ಹೆಬ್ಬೆರಳನ್ನೂ ಕಚ್ಚಿತು. ನಾಲ್ಕು ಸಲ ಮಣ್ಣುಮುಕ್ಕಿದವನು ಐದನೇ ಸಲ ಅದರ ಕತ್ತು ಹಿಡಿದು, ಅಂಗಿ ಬಿಚ್ಚಿ ಸುತ್ತಿಕೊಂಡು ಓಟ ಕಿತ್ತ.

ಬೋನಿನ ಮುಂದೆ ಸಾಹೇಬರು ನಿಂತಿದ್ದರು. ಬೋನಿನೊಳಗೆ ಮುಂಗುಸಿ ಕೂತು ತಣ್ಣಗೆ ಮಾಂಸ ತಿನ್ನುತ್ತಿತ್ತು. ಊಟದ ಹೊತ್ತಿಗೆ ಅದು ತಾನಾಗಿಯೇ ಮರಳಿತ್ತು.

"ಅಂಗೀಲಿ ಏನಯ್ಯಾ ಅದು?"

ಅಂಗಿಯೊಳಗಿಂದ ಚೂಪು ಮೂತಿಯೊಂದು ಇಣುಕಿತು. ಸಾಹೇಬರ ಕಣ್ಣರಳಿತು.

"ಕಾಡು ಮುಂಗುಸಿ! ಬರಿಗೈಲಿ ಹಿಡಿದ್ಯಾ?"

"ಹೂಂ ಸಾರ್."

"ಭಲೇ! ಇಷ್ಟು ದಿನ ನಿನ್ನನ್ನ ಇಲ್ಲಿ ಕೊಳೆಸಿಬಿಟ್ಟೆ ಕಣಯ್ಯಾ. ಮುಂಗುಸೀನೇ ಹಿಡಿಯೋ ಕೈಗೆ ನಾಗರಹಾವು ಯಾವ ಲೆಕ್ಕ? ನಾಳೆಯಿಂದ ಹಾವಿನ ಮನೆಗೆ ನೀನೇ ಮುಖ್ಯಸ್ಥ!"

ಅಕ್ಕ ಚಪ್ಪಾಳೆ ತಟ್ಟಿದಳು. ಕಾವಲುಗಾರ, ಚಿಲಕ ಹಾಕದೆ ಪ್ರಾಣಿಯನ್ನು ಬಿಟ್ಟವನು ತಾನೇ, ಹಿಡಿದದ್ದೆಲ್ಲ ಗಾಬರಿಯ ಕೆಲಸ ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿಬಿಡಲು ಬಾಯಿ ತೆರೆದ. ಆಮೇಲೆ ಆ ತಪ್ಪಿಗೆ ಇರುವ ಶಿಕ್ಷೆ ಯಾವುದೆಂದು ನೆನಪಾಯಿತು.

"ಥ್ಯಾಂಕ್ಸ್ ಸಾರ್" ಎಂದ.