ಆಡಿನ ಕಾಟಾಕ್ಕೆ ವೈಫೈ ಕೊಡಿಸಿದ್ದು

ಹೊಸ ಸಾಮಾನು ಕೊಳ್ಳುವಾಗ ಅದರಿಂದ ಮನೆಗೆ ಏನು ಬರುತ್ತದೆಂದು ಹತ್ತು ಸಲ ಕೇಳುವವನು ನಾನು. ಮನೆಯಿಂದ ಏನು ಹೋಗುತ್ತದೆಂದು ಕೇಳುವ ಬುದ್ಧಿ ಮಾತ್ರ ಇನ್ನೂ ಬಂದಿಲ್ಲ. ಬಂದಿದ್ದರೆ ನಮ್ಮ ಹಿತ್ತಲಿನ ಆಡುಗಳು ವೈಫೈ ಕಾಟಾದ ಮೇಲೆ ನಿಂತು ತೂಗಿಸಿಕೊಳ್ಳುತ್ತಿರಲಿಲ್ಲ, ನಾನು ಒಬ್ಬನೇ ಅವುಗಳ ಮುಖ ನೋಡುತ್ತ ಕೂರುತ್ತಿರಲಿಲ್ಲ.

ಬಸವನ ಬಾಗೇವಾಡಿಯ ಅಂಚಿನಲ್ಲಿ ನಮ್ಮ ಮನೆ. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಹಿತ್ತಲಲ್ಲಿ ತಗಡಿನ ಶೆಡ್ ಹಾಕಿಸಿ ಆಡು ಸಾಕತೊಡಗಿದೆ. ಅವು ಮೈ ಹಿಡಿಯುತ್ತಿವೆಯೋ ಇಲ್ಲವೋ ತಿಳಿಯಲು ಆಗಾಗ ತೂಗಬೇಕು. ನಮ್ಮಲ್ಲಿದ್ದದ್ದು ಮನುಷ್ಯರು ನಿಂತು ತೂಕ ನೋಡಿಕೊಳ್ಳುವ ಸಣ್ಣ ಕಾಟಾ. ಆಡನ್ನು ಎತ್ತಿಕೊಂಡು ನಾನು ಅದರ ಮೇಲೆ ನಿಲ್ಲುವುದು, ಹೆಂಡತಿ ಶಾಂತಾ ಬಗ್ಗಿ ಅಂಕಿ ಓದುವುದು, ಬಳಿಕ ನನ್ನ ತೂಕ ಕಳೆಯುವುದು. ಆಡು ನನ್ನ ಕಿವಿ ನೆಕ್ಕಿದರೆ ಅವಳಿಗೆ ನಗು ಬಂದು ಅಂಕಿ ತಪ್ಪುತ್ತಿತ್ತು, ಮತ್ತೆ ಮೊದಲಿನಿಂದ. ಒಮ್ಮೆ ಎಲ್ಲ ಆಡುಗಳೂ ಒಟ್ಟಿಗೇ ದಪ್ಪಗಾದವೆಂದು ನಾನು ಹಿಗ್ಗಿದಾಗ, "ಆಡ ಬೆಳದಿಲ್ರಿ, ನೀವ ಬೆಳದೀರಿ. ಹಳೇ ತೂಕಾನ ಕಳ್ಯಾಕತ್ತೀರಿ," ಎಂದಳು. ಬರಿಗೈಯಲ್ಲಿ ನಿಂತು ನೋಡಿದರೆ ಹೌದು. ಆ ದಿನದಿಂದ ನನ್ನ ತಾಟಿನಲ್ಲಿ ಒಂದು ರೊಟ್ಟಿ ಕಡಿಮೆಯಾಯಿತು.

ಮುದ್ದೇಬಿಹಾಳದಿಂದ ಬಂದಿದ್ದ ಶಾಂತಾಳ ತಮ್ಮ ಈ ಸರ್ಕಸ್ಸನ್ನು ಕಂಡು, "ಮಾಮಾ, ಯಾವ ಕಾಲದಾಗ ಅದೀರಿ? ಆಡ ತಾನ ಹತ್ತಿ ನಿಲ್ಲೂ ಕಾಟಾ ಬಂದಾವ. ತೂಕ ಸೀದಾ ಫೋನಿಗೆ ಬರ್ತೈತಿ," ಎಂದ. ನನ್ನ ಬೆನ್ನು ಕೂಡಲೇ ಅವನ ಪಕ್ಷ ಸೇರಿತು.

ಕಾಟಾ ಬಂತು, ಫಜೀತಿಯೂ ಬಂತು. ರೂಟರ್ ಪಡಸಾಲೆಯಲ್ಲಿ, ಕಾಟಾ ಶೆಡ್ಡಿನಲ್ಲಿ. ಸಿಗ್ನಲ್ ತಗಡು ದಾಟಿ ಒಳಗೆ ಬರಲೊಲ್ಲದು. ಶಾಂತಾ ಉದ್ದದ ವೈರು ಎಳೆಯುತ್ತ, ರೂಟರನ್ನು ಕೂಸಿನಂತೆ ಎತ್ತಿಕೊಂಡು, ಅಡುಗೆಮನೆಯ ಕಿಟಕಿ, ಬಚ್ಚಲು, ತುಳಸಿಕಟ್ಟೆ ಎಂದು ಜಾಗ ಬದಲಿಸುತ್ತ "ಬಂತೇನ್ರಿ?" ಎನ್ನುವಳು; ನಾನು ಶೆಡ್ಡಿನಿಂದ "ಇಲ್ಲ!" ಎಂದು ಕೂಗುವೆ. ಪಾಸ್‌ವರ್ಡನ್ನೂ ಅವಳು ಒಂದೊಂದೇ ಅಕ್ಷರ ಬಿಡಿಸಿ ಕೂಗಿ ಹೇಳಿದ್ದರಿಂದ ಕಾಟಾಕ್ಕಿಂತ ಮೊದಲು ಓಣಿಯ ಫೋನುಗಳೆಲ್ಲ ನಮ್ಮ ವೈಫೈ ಹಿಡಿದವು. ಗೋಡೆಯಾಚೆಯಿಂದ ನೆರೆಮನೆಯ ಮೌಲಾಸಾಬರು, "ಮಾಸ್ತರ್ರ, ನಮ್ಮ ಮನ್ಯಾಗ ಛಲೋ ಬರಾಕತ್ತೈತ್ರಿ. ಕಾಟಾ ಇಲ್ಲೇ ತಂದ ಇಡ್ರಿ," ಎಂದರು. ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಕೊನೆಗೆ ರೂಟರನ್ನು ಹಿತ್ತಲ ಬಾಗಿಲ ಪಕ್ಕದ ಗೋಡೆಗೆ ಹಾಕಿ, ಶೆಡ್ಡಿನ ಒಂದು ತಗಡು ಬಿಚ್ಚಿದಾಗ ತೂಕ ಫೋನಿಗೆ ಬಂತು.

ಅಂದಿನಿಂದ ಶಾಂತಾ ಶೆಡ್ಡಿಗೆ ಬರುವುದು ನಿಂತಿತು. ತೂಕ ಅವಳ ಫೋನಿಗೂ ಹೋಗುತ್ತದಲ್ಲ! "ಸಣ್ಣ ಮರಿ ಹೆಂಗ ನಿಂತೈತಿ, ಬಂದ ನೋಡು," ಎಂದು ಕರೆದರೆ, "ನೋಡೇನ್ರಿ. ಹನ್ನೆರಡ ಕಿಲೋ ಐತಿ," ಎಂದು ಒಳಗಿನಿಂದಲೇ ಉತ್ತರ. ಅವಳ ತಪ್ಪೇನಿಲ್ಲ. ಬಗ್ಗಿ ಬಗ್ಗಿ ಅವಳ ಸೊಂಟವೂ ಸೋತಿತ್ತಂತೆ. ನನ್ನ ಬೆನ್ನಿನ ಗದ್ದಲದಲ್ಲಿ ಅದು ಕೇಳಿಸಿರಲಿಲ್ಲ. ಈಗ ಇಬ್ಬರ ಮೈನೋವೂ ಹೋಗಿದೆ. ಆದರೆ ಶೆಡ್ಡಿನಲ್ಲಿ ಮಾತಾಡಲು ಆಡುಗಳಷ್ಟೇ ಉಳಿದಿವೆ, ಅವು ನಾನು ಹೇಳಿದ್ದಕ್ಕೆಲ್ಲ ಮೆಲುಕು ಹಾಕುತ್ತವೆ.

ಮೊನ್ನೆ ತಡೆಯಲಾಗಲಿಲ್ಲ. ಸದ್ದಿಲ್ಲದೆ ರೂಟರಿನ ಸ್ವಿಚ್ ಆರಿಸಿ, ಶೆಡ್ಡಿಗೆ ಓಡಿ, "ಶಾಂತಾ, ವೈಫೈ ಹೋತು! ಜರಾ ಬಾ ಇಲ್ಲಿ!" ಎಂದು ಕೂಗಿದೆ. ಅವಳ ಹೆಜ್ಜೆಯ ಸಪ್ಪಳ ಕೇಳಿ ಎದೆ ಅರಳಿತು. ಹಿತ್ತಲ ಬಾಗಿಲವರೆಗೆ ಬಂದವಳು ಟಕ್ಕನೆ ಸ್ವಿಚ್ ಒತ್ತಿ, "ಬಟನ್ ಬಂದ್ ಆಗಿತ್ರಿ. ಇಷ್ಟಕ್ಕ ಇಷ್ಟ ಒದರ್ತಾರೇನು?" ಎಂದು ಒಳಗೆ ಹೋಗಿಬಿಟ್ಟಳು. ನಾನು ಹೋಗಿ ಕಾಟಾದ ಮೇಲೆಯೇ ಕೂತೆ. ಜೇಬಿನಲ್ಲಿ ಫೋನು ನಡುಗಿತು: ಹೊಸ ಪ್ರಾಣಿ ಬಂದಿದೆ, ಹೆಸರು ನಮೂದಿಸಿ.

ಅಡುಗೆಮನೆಯಿಂದ ನಗು ಕೇಳಿಸಿತು. "ರೀ, ಈ ಎಂಬತ್ತ ಕಿಲೋದ್ದು ಯಾವ ಸಂತ್ಯಾಗ ತಂದ್ರಿ?"

ಬಂದಾಳೆಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ಹೆಸರು ನಮೂದಿಸದೆ ಇಳಿದೆ.