ಅತ್ತಿ ಷರತ್ತು, ನನ್ನ ಕತ್ತರಿ

ಬ್ಯೂಟಿ ಪಾರ್ಲರ್ ಇಟ್ಟಾಕಿ ನಗೂ ಪ್ರಸಂಗ ಹುಡುಕಿಕೊಂಡು ಹೋಗಬೇಕಿಲ್ಲ. ಅವೇ ಚಪ್ಪಲಿ ಬಾಗಲದಾಗ ಬಿಟ್ಟು ಒಳಗ ಬಂದು ಕುರ್ಚಿ ಮ್ಯಾಲ ಕುಂದರ್ತಾವ. ನಾನು ಕೊಟ್ಟೂರಾಗ ಮನಿ ಮುಂದಿನ ಖೋಲಿಯೊಳಗ ಪಾರ್ಲರ್ ತೆಗೆದಾಗ ಊರಾಗ ಎಸ್‌ಟಿಡಿ ಬೂತು ಹಳೇದಾಗಿತ್ತು, ಹೆಣ್ಮಕ್ಕಳ ಕೂದಲಿಗೆ ಕತ್ತರಿ ಮಾತ್ರ ಹೊಸದು. ನಮ್ಮ ಅತ್ತಿ ಒಂದೇ ಷರತ್ತು ಹಾಕಿದ್ರು: "ತೆಗಿ, ಬ್ಯಾಡ ಅನ್ನಂಗಿಲ್ಲ. ಆದ್ರ ಯಾರರ ಒಬ್ಬರು ಬಂದು ನನ್ನ ಮುಂದ ದೂರು ಹೇಳಿದ್ರ, ಅವತ್ತೇ ಬಾಗಲಾ ಹಾಕಬೇಕು." ಅತ್ತಿ ಆಡಿದ ಮಾತು ಹಿಂದಕ್ಕ ತಗೊಂಡಿದ್ದನ್ನ ನಮ್ಮ ಮಾವನೂ ನೋಡಿದ್ದಿಲ್ಲ.

ಸಮ ಮಾಡಿದ್ದು

ದಾವಣಗೆರಿಯಾಗ ಮೂರು ತಿಂಗಳ ಕೋರ್ಸ್ ಮುಗಿಸಿ ಬಂದು ಮೊದಲ ಕೈ ಇಟ್ಟಿದ್ದು ನಮ್ಮ ನಾದಿನಿ ತಲಿ ಮ್ಯಾಲ. ತುದಿ ಎರಡು ಬೆರಳಿನಷ್ಟು ಸಮ ಮಾಡಬೇಕಿತ್ತು, ಅಷ್ಟ. ಎಡಕ್ಕ ಉದ್ದ ಕಾಣ್ತು, ಕತ್ತರಿಸಿದೆ. ಆಮ್ಯಾಲ ಬಲಕ್ಕ ಉದ್ದ ಕಾಣ್ತು. ಹಂಗ ಸಮ ಮಾಡಿಕೋತ ಮಾಡಿಕೋತ ಸೊಂಟದ ಕೂದಲು ಭುಜಕ್ಕ ಬಂತು.

"ಅಕ್ಕಾ, ಎಲ್ಲಿತನಕ ಬಂದೈತಿ?" ಅಂದ್ಲು.

"ಸಮ ಆಗಾಕ ಹತ್ತೈತಿ, ಸುಮ್ನ ಕುಂದ್ರು."

ಅತ್ತಿಗೆ ಗೊತ್ತಾಗಬಾರದು ಅಂತ ಇಬ್ಬರೂ ಸೇರಿ ಒಂದು ಚೌರಿ ತಂದ್ವಿ. ನಾದಿನಿ ಆ ಸುಳ್ಳು ಜಡಿ ಹಾಕ್ಕೊಂಡೇ ತಿಂಗಳುಗಟ್ಟಲೆ ಓಡಾಡಿದ್ಲು. ಅದು ಮೊದಲಿನ ಜಡಿಗಿಂತ ಒಂದು ಗೇಣು ಉದ್ದ. ಅತ್ತಿ ನೋಡಿ ನೋಡಿ ಒಂದಿನ, "ನಿನ್ನ ಪಾರ್ಲರ್ ಎಣ್ಣಿ ಹುಡುಗಿ ತಲಿಗೆ ಚಲೋ ಹಿಡಿದೈತಿ ಬಿಡು" ಅಂದ್ರು.

ಮುಂದಿಂದು, ಹಿಂದಿಂದು

ಹಗರಿಬೊಮ್ಮನಹಳ್ಳಿಯಿಂದ ಟೀಚರ್ ಒಬ್ಬರು ವಾರಪತ್ರಿಕೆ ಹಾಳಿ ಹರಕೊಂಡು ಬಂದು, "ಇದರಾಗ ಇದ್ದಂಗ ಮಾಡ್ರಿ" ಅಂದ್ರು. ಫೋಟೋದಾಗ ಬರೇ ಮುಖ ಇತ್ತು.

"ಹಿಂದ ಹೆಂಗ ಮಾಡ್ಲಿರಿ ಮೇಡಂ?"

"ಹಿಂದ ಕೈ ಹಚ್ಚಬ್ಯಾಡ್ರಿ, ಜಡಿ ಹಂಗ ಇರಲಿ. ಮನ್ಯಾಗ ನಾ ಯಾವಾಗ್ಲೂ ಒಲಿ ಕಡಿ ಮುಖ ಮಾಡಿ ನಿಂತಿರ್ತೀನಿ. ನಮ್ಮತ್ತಿಗೆ ಕಾಣೋದು ನನ್ನ ಬೆನ್ನು. ಮುಂದಿಂದು ಸಾಲಿಗೆ, ಹಿಂದಿಂದು ಮನಿಗ್ರಿ."

ಹಂಗೇ ಮಾಡಿ ಕಳಿಸಿದೆ.

ದೂರು ಬಂತು

ಮೂರು ವರ್ಷಕ್ಕ ಅಂತೂ ದೂರು ಬಂತು. ಅವತ್ತು ಕುರ್ಚಿ ಮ್ಯಾಲ ಇದ್ದಾಕಿ ನಮ್ಮ ಅತ್ತಿನೇ. ಅಣ್ಣನ ಮಗನ ಮದುವಿ ಇತ್ತು. ತನ್ನ ತಲ್ಯಾಗ ಒಂದೂ ಬಿಳಿ ಕೂದಲಿಲ್ಲ ಅಂತ ಓಣಿಗೆಲ್ಲ ಹೇಳಿಕೊಂಡು ಬಂದಾಕಿ, ಬಾಗಲ ಪರದಿ ಎಳಿಸಿ, ಮುಖದ ತುಂಬ ಮುಲ್ತಾನಿ ಮಿಟ್ಟಿ ಹಚ್ಚಿಸಿಕೊಂಡು ಕುಂತಿದ್ರು. ಎಡಗಡಿ ತಲಿಗೆ ಕರೀ ಬಣ್ಣ ಹಚ್ಚಿದ್ದೆ, ಬಲಗಡಿ ಇನ್ನೂ ಹತ್ತಿ ಬಿಡಿಸಿದಂಗಿತ್ತು.

ಪರದಿ ಸರಿಸಿ ಇಟ್ಟಿಗಿ ಊರಿನ ಹೆಣ್ಮಗಳೊಬ್ಬಾಕಿ ಒಳಗ ನುಗ್ಗಿದ್ಲು. "ಏನವ್ವಾ, ನನ್ನ ಮಗಳು ಕೇಳಿದ್ಲಂತ ಜಡಿ ಕತ್ತರಿಸಿ ಕಳಿಸೋದಾ? ನಾಡದು ಹೆಣ್ಣು ನೋಡಾಕ ಬರ್ತಾರ. ಎಲ್ಲದಾರ ನಿಮ್ಮತ್ತಿ? ಅವರ ಮುಂದ ಹೇಳೇ ಹೋಗಾಕಿ ನಾನು."

ಮೂರು ವರ್ಷ ಜೀವ ತೇಯ್ದು ಕಟ್ಟಿದ ಪಾರ್ಲರ್ ಇವತ್ತಿಗೆ ಮುಗೀತು ಅಂತ ಕಣ್ಣಾಗ ನೀರೇ ಬಂತು.

ಆಗ ಕುರ್ಚಿಯಿಂದ, ಮಿಟ್ಟಿ ಬಿರಿಯದಂಗ, ತುಟಿ ಅಲುಗದಂಗ ಒಂದು ದನಿ ಬಂತು: "ಅವರು ಊರಾಗಿಲ್ರಿ."

"ನೀವ್ಯಾರು?"

"ನಾ ಗಿರಾಕಿ."

"ಯಾವಾಗ ಬರ್ತಾರ?"

"ಮದುವಿ ಮುಗಿಸಿ ಬರ್ತಾರ. ಯಾವಾಗಂತ ಹೇಳಾಕ ಬರಂಗಿಲ್ಲ."

ಆಕಿ ಗೊಣಗಿಕೋತ ಹೋದ್ಲು. ನಾನು ಬ್ರಶ್ ಹಿಡಕೊಂಡು ನಿಂತೇ ಇದ್ದೆ. ಅತ್ತಿ ಕನ್ನಡಿಯಾಗ ನನ್ನನ್ನ ನೋಡಿ ಅಂದ್ರು:

"ನಿಮ್ಮತ್ತಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ನೀ ಬಲಗಡಿ ಹಚ್ಚು."